ಮಾರಿಕೊಂಡವರು ಯಾರು?

ಐನೂರು ರೂಪಾಯಿಗೆ ಓಟು ಮಾರಿಕೊಳ್ಳುವ ಮಂದಿ ಎಂದು ನಮ್ಮ ಕೇರಿಗಳನ್ನು ಬೈಯುವುದು ಓದಿದವರಿಗೆ ಒಂದು ಚಟವಾಗಿದೆ. ಚುನಾವಣೆ ಮುಗಿದ ಮೇಲೆ ಯಾದಗಿರಿಯ ಯಾವುದೇ ಚಹಾದಂಗಡಿಯಲ್ಲಿ ಕೂತು ನೋಡಿ. ಗೆದ್ದವನ ಕಡೆಯವನೂ ಬೈಯುತ್ತಾನೆ, ಸೋತವನ ಕಡೆಯವನೂ ಬೈಯುತ್ತಾನೆ. ‘ಈ ಮಂದಿ ಸುಧಾರಿಸೂದಿಲ್ಲ ಬಿಡ್ರಿ, ಒಂದ್ ಕ್ವಾರ್ಟರಿಗೆ ದೇಶಾನ ಮಾರ್ತಾರ’ ಎಂದು ಇಬ್ಬರೂ ಕೂಡಿ ತಲೆ ಅಲ್ಲಾಡಿಸುತ್ತಾರೆ. ಎರಡು ರಾತ್ರಿಯ ಹಿಂದೆ ಕೇರಿಯೊಳಗೆ ನೋಟು ಹಂಚಿದ ಕೈ ಅದೇ ಟೇಬಲ್ಲಿಗೆ ಕೂತು ಬಸಿ ಹಿಡಿದು ಚಹಾ ಕುಡಿಯುತ್ತಿರುತ್ತದೆ. ಆ ಕೈಗೆ ಯಾರೂ ಏನೂ ಅನ್ನುವುದಿಲ್ಲ.

ಕಾನೂನಾದರೂ ಇಬ್ಬರನ್ನೂ ಹಿಡಿಯುತ್ತದೆ. ಓಟಿಗಾಗಿ ರೊಕ್ಕ ಕೊಟ್ಟವನೂ ತಗೊಂಡವನೂ ಅಪರಾಧಿಗಳೇ ಎಂದು 1920ರಲ್ಲಿ ಬ್ರಿಟಿಷರು ದಂಡ ಸಂಹಿತೆಯಲ್ಲಿ ಬರೆದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 170ನೆಯ ಕಲಮಿನಲ್ಲಿಯೂ ಅದೇ ಮಾತು ಇದೆ. ಕಾಗದದ ಮೇಲೆ ತಕ್ಕಡಿ ಸಮ. ಆದರೆ ನನ್ನ ತಕರಾರು ತಕ್ಕಡಿಯ ಬಗ್ಗೆ ಅಲ್ಲ, ತಕ್ಕಡಿಗೆ ಬರದೇ ಇರುವ ಮಾಲಿನ ಬಗ್ಗೆ. ಐನೂರು ರೂಪಾಯಿ ತಗೊಂಡು ಓಟು ಕೊಟ್ಟವಳು ಮಾರಿಕೊಂಡವಳು ಎಂದಾದರೆ, ಐನೂರು ಕೋಟಿ ತಗೊಂಡು ಕಾನೂನನ್ನೇ ಕೊಟ್ಟವನಿಗೆ ಏನೆನ್ನಬೇಕು? ಇವಳದಕ್ಕೆ ಲಂಚ, ಅವನದಕ್ಕೆ ದೇಣಿಗೆ ಎಂಬ ಎರಡು ಹೆಸರು ಇಟ್ಟ ಪುರೋಹಿತ ಯಾರು? ಹಸಿದವರು ಮಾರುವುದೂ ಹೊಟ್ಟೆ ತುಂಬಿದವರು ಮಾರುವುದೂ ಒಂದೇ ಪಾಪವೇ?

ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಸುಗ್ಗಿ ಬಂದರೆ ಶಹಾಪುರದ ಕಡೆ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಾಳೆ. ‘ಯಾಕವ್ವ ತಗೊಂಡಿ?’ ಅಂತ ಕೇಳಿದೆ. ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ‘ಅದೇನ್ ಅವರಪ್ಪನ ಮನಿ ರೊಕ್ಕ ಏನೋ ಯಪ್ಪಾ? ನಂದೇ ರೊಕ್ಕ. ಐದು ವರ್ಸಕ್ಕೊಮ್ಮಿ ಚಿಲ್ಲರ ತಿರುಗಿ ಕೊಡ್ತಾರ. ನೋಟು ಎಲ್ಲಿ ಹೋತು ಅನ್ನೂದು ನೀ ಓದಿದಾಂವ, ನೀ ಹೇಳು’ ಅಂದಳು. ಬಿ.ಎ. ಪಾಸಾಗಿ ಕವಿತೆ ಬರೆಯುವವನಿಗೆ ಕೇರಿ ಹಾಕಿದ ಪ್ರಶ್ನೆಪತ್ರಿಕೆ ಅದು. ನೋಟು ಎಲ್ಲಿ ಹೋಯಿತು?

ಮುದುಕಿ ಆದಾಯ ತೆರಿಗೆ ಕಟ್ಟುವುದಿಲ್ಲ, ನಿಜ. ಆದರೆ ಸಾಬೂನಿಗೆ ಕಟ್ಟುತ್ತಾಳೆ, ಚಪ್ಪಲಿಗೆ ಕಟ್ಟುತ್ತಾಳೆ, ಬೆಂಗಳೂರಿಗೆ ಗುಳೆ ಹೋದ ಮಗನ ಜೊತೆ ಮಾತಾಡಲು ಮೊಬೈಲಿಗೆ ಹಾಕಿಸುವ ಕರೆನ್ಸಿಗೂ ಕಟ್ಟುತ್ತಾಳೆ. ಆ ಪೈಸೆಗಳೆಲ್ಲ ಕೂಡಿ ದಿಲ್ಲಿ ಸೇರುತ್ತವೆ. 2025-26ರ ಕೇಂದ್ರ ಬಜೆಟ್ ಸುಮಾರು 50.65 ಲಕ್ಷ ಕೋಟಿ ರೂಪಾಯಿಯದು. ಅದರಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ. ಶಿಕ್ಷಣ ಮಂತ್ರಾಲಯಕ್ಕೆ 1.28 ಲಕ್ಷ ಕೋಟಿ. ಆರೋಗ್ಯಕ್ಕೆ ಸುಮಾರು ಒಂದು ಲಕ್ಷ ಕೋಟಿ. ಆ ವರ್ಷದ ಉದ್ಯೋಗ ಖಾತ್ರಿಗೆ 86,000 ಕೋಟಿ. ಶಾಲೆ ದವಾಖಾನೆಗಳಿಗೆ ರಾಜ್ಯಗಳೂ ಖರ್ಚು ಮಾಡುತ್ತವೆ, ಅದನ್ನು ಮರೆತು ಲೆಕ್ಕ ಹೇಳಬಾರದು. ಆದರೂ ದಿಲ್ಲಿಯ ಮನಸ್ಸು ಎಲ್ಲಿದೆ ಎಂಬುದು ಕಾಣುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 51.83, ಕರ್ನಾಟಕದಲ್ಲೇ ಎಲ್ಲರಿಗಿಂತ ಕೆಳಗೆ. ಅರ್ಧ ಜಿಲ್ಲೆ ಹೆಬ್ಬೆಟ್ಟು.

‘ಹಂಗಾದ್ರ ಸೈನ್ಯಾನ ಬ್ಯಾಡೇನು? ಗಡಿ ಕಾಯೂದು ಬ್ಯಾಡೇನು?’ ಎಂದು ಕೂಡಲೇ ಒಬ್ಬ ಎದ್ದು ನಿಲ್ಲುತ್ತಾನೆ. ಈ ಪ್ರಶ್ನೆಗೆ ನಮ್ಮವರು ಹೆದರಬೇಕಾಗಿಲ್ಲ. ಸೈನ್ಯ ನಮಗೆ ಅನ್ಯವಲ್ಲ. ಬಾಬಾಸಾಹೇಬರ ತಂದೆ ರಾಮಜಿ ಸುಬೇದಾರರು. ಮಹಾರರ ಭರ್ತಿಯನ್ನು ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಿಲ್ಲಿಸಿದಾಗ ಅದನ್ನು ಮತ್ತೆ ತೆರೆಸಲು ಬಾಬಾಸಾಹೇಬರು ಬಡಿದಾಡಿದರು. 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಲ್ಪಟ್ಟಿತು. ಮುಟ್ಟಬಾರದವನ ಕೈಗೆ ಬಂದೂಕು ಕೊಟ್ಟರೆ ಅವನ ಬೆನ್ನು ನೆಟ್ಟಗಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದೇ ಬಾಬಾಸಾಹೇಬರು 1951ರ ಅಕ್ಟೋಬರಿನಲ್ಲಿ ಮಂತ್ರಿ ಪದವಿ ಬಿಟ್ಟು ಬರುವಾಗ ಕೊಟ್ಟ ಕಾರಣಗಳಲ್ಲಿ ಒಂದು ಇದು: ವರ್ಷಕ್ಕೆ 350 ಕೋಟಿ ರೂಪಾಯಿ ವರಮಾನದಲ್ಲಿ ಸುಮಾರು 180 ಕೋಟಿಯನ್ನು ಸೈನ್ಯಕ್ಕೆ ಸುರಿಯುತ್ತಿದ್ದೇವೆ, ಇಂಥ ಖರ್ಚಿಗೆ ಸಾಟಿ ಸಿಗುವುದು ಕಷ್ಟ, ಇದು ನಮ್ಮ ವಿದೇಶ ನೀತಿಯ ನೇರ ಫಲ. ಹಿಂದೂ ಕೋಡ್ ಬಿಲ್ಲಿಗಾಗಿ ರಾಜೀನಾಮೆ ಕೊಟ್ಟರು ಎಂದು ಪಾಠ ಹೇಳುವ ಮೇಷ್ಟ್ರುಗಳು ಈ ಮಾತನ್ನು ಹೇಳುವುದಿಲ್ಲ. ಸೈನಿಕನ ಮಗ ಸೈನ್ಯದ ಲೆಕ್ಕ ಕೇಳಿದ. ದೇಶದ್ರೋಹಿ ಎಂದು ಅವರನ್ನು ಯಾರಾದರೂ ಕರೆಯಲಿ ನೋಡೋಣ.

ಲೆಕ್ಕ ಕೇಳದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ದಿಲ್ಲಿಯಲ್ಲಿ ಹುಡುಕಬೇಕಾಗಿಲ್ಲ. ಸುರಪುರದ ಗುಡ್ಡಗಳಲ್ಲೇ ಇದೆ. ವಾಗಣಗೇರಾ ಕೋಟೆಯನ್ನು 1705ರಲ್ಲಿ ಔರಂಗಜೇಬ ಬಂದು ಮುತ್ತಿದ. ಆಗ ಅವನಿಗೆ ಎಂಬತ್ತಾರು ವಯಸ್ಸು. ಅವನು ತಾನೇ ಮುಂದೆ ನಿಂತು ಮಾಡಿದ ಕೊನೆಯ ಮುತ್ತಿಗೆ ಅದು. ಇಡೀ ಹಿಂದೂಸ್ತಾನದ ಫೌಜು ಒಂದು ಬೇಡರ ಗುಡ್ಡದ ಕೆಳಗೆ ಫೆಬ್ರವರಿಯಿಂದ ಏಪ್ರಿಲಿನ ತನಕ ಕೂತಿತು. ಕೊನೆಗೆ ಪಿಡ್ಡನಾಯಕ ರಾತ್ರೋರಾತ್ರಿ ತಪ್ಪಿಸಿಕೊಂಡು ಹೋದ. ಬಾದಶಹನಿಗೆ ಸಿಕ್ಕಿದ್ದು ಖಾಲಿ ಕೋಟೆ. ಅಲ್ಲಿಂದ ಕೃಷ್ಣೆಯ ಕಡೆಯ ದೇವಾಪುರದಲ್ಲಿ ಡೇರೆ ಹಾಕಿ ಕಾಯಿಲೆ ಬಿದ್ದ. ಎರಡು ವರ್ಷದಲ್ಲಿ ಅಹಮದನಗರದಲ್ಲಿ ತೀರಿಕೊಂಡ. ಆ ಹೊತ್ತಿಗೆ ಅವನ ಸಿಪಾಯಿಗಳ ಸಂಬಳ ವರ್ಷಗಟ್ಟಲೆ ಬಾಕಿ ಇತ್ತು. ನಾಯಕ ಗೆದ್ದ, ಬಾದಶಹ ಸೋತ ಎಂದು ನಮ್ಮವರು ಲಾವಣಿ ಹಾಡಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆ ಮೂರು ತಿಂಗಳು ಆನೆ, ಕುದುರೆ, ಒಂಟೆಗಳ ಆ ಊರಿನಂಥ ಬೀಡು ಸುತ್ತಲ ಹಳ್ಳಿಗಳ ಯಾವ ಹಗೇವಿನ ಜೋಳ ತಿಂದಿರಬಹುದು ಎಂಬುದನ್ನು ಮಾತ್ರ ಯಾವ ಲಾವಣಿಯಲ್ಲೂ ನಾನು ಕೇಳಿಲ್ಲ.

ಬಾದಶಹನದು ಹಟ. ಅದರಲ್ಲಿ ವ್ಯಾಪಾರ ಇರಲಿಲ್ಲ. ಯುದ್ಧವೂ ಬಡ್ಡಿಯೂ ಒಂದೇ ಅಂಗಡಿಯಲ್ಲಿ ಮಾರಾಟವಾಗಲು ಶುರುವಾದದ್ದು ನೂರು ವರ್ಷದ ಮೇಲೆ, ನಿಜಾಮರ ರಾಜ್ಯದಲ್ಲಿ.

ನಿಜಾಮನ ಖರ್ಚಿನಲ್ಲಿ ಬ್ರಿಟಿಷರು ಒಂದು ಸೈನ್ಯ ಕಟ್ಟಿದರು. ಅದಕ್ಕೆ ಹೈದರಾಬಾದ್ ಕಂಟಿಂಜೆಂಟ್ ಎಂದು ಹೆಸರು. ಸಂಬಳ ನಿಜಾಮನದು, ಅಧಿಕಾರಿಗಳು ಇಂಗ್ಲಿಷರು, ಹುಕುಂ ರೆಸಿಡೆಂಟನದು. ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿ ಬೀಳುತ್ತಿತ್ತು. ಅಷ್ಟು ರೊಕ್ಕ ಖಜಾನೆಯಲ್ಲಿ ಎಲ್ಲಿಂದ ಬರಬೇಕು? ಸಾಲ ಕೊಡಲು ಒಂದು ಕಂಪನಿ ಸಿದ್ಧವಾಗಿತ್ತು: 1814ರಲ್ಲಿ ಹೈದರಾಬಾದಿನಲ್ಲಿ ಶುರುವಾದ ವಿಲಿಯಂ ಪಾಮರ್ ಅಂಡ್ ಕಂಪನಿ. ಬಡ್ಡಿ ನೂರಕ್ಕೆ ಇಪ್ಪತ್ತೈದರ ಸುಮಾರು. ದೇಶೀ ರಾಜರಿಗೆ ಯುರೋಪಿಯನ್ನರು ಸಾಲ ಕೊಡಬಾರದು ಎಂದು ಇಂಗ್ಲೆಂಡಿನ ಪಾರ್ಲಿಮೆಂಟೇ ಕಾನೂನು ಮಾಡಿತ್ತು. 1816ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಈ ಕಂಪನಿಗೆ ವಿನಾಯಿತಿ ಕೊಟ್ಟ. ಕಂಪನಿಯ ಪಾಲುದಾರರಲ್ಲಿ ಒಬ್ಬನಾದ ರಂಬೋಲ್ಡ್, ಹೇಸ್ಟಿಂಗ್ಸನ ಆಶ್ರಯದಲ್ಲಿ ಬೆಳೆದ ಹುಡುಗಿಯ ಗಂಡ. 1820ರಲ್ಲಿ 60 ಲಕ್ಷದ ಹೊಸ ಸಾಲ. ದಿವಾನ ಚಂದೂಲಾಲ್ ಜಿಲ್ಲೆಗಳ ಕಂದಾಯವನ್ನೇ ಸಾಹುಕಾರರಿಗೆ ಬರೆದುಕೊಡುತ್ತಿದ್ದ. ಮೆಟ್ಕಾಫ್ ಎಂಬ ಹೊಸ ರೆಸಿಡೆಂಟ್ ಬಂದು ಇದನ್ನೆಲ್ಲ ಹೊರಗೆಳೆದ, ಕಂಪನಿ 1824ರಲ್ಲಿ ಮುಳುಗಿತು. ಕಂಪನಿ ಮುಳುಗಿತು, ಸೈನ್ಯ ಉಳಿಯಿತು! ಅದರ ಬಾಕಿ ಬೆಳೆಯುತ್ತಲೇ ಹೋಗಿ 1853ರಲ್ಲಿ ಆ ಬಾಕಿಗಾಗಿ ಬೀರಾರ, ರಾಯಚೂರು ದೋಆಬ, ಧಾರಾಶಿವಗಳನ್ನು ನಿಜಾಮ ಇಂಗ್ಲಿಷರಿಗೆ ಒಪ್ಪಿಸಬೇಕಾಯಿತು. ‘ಪಾಪ, ಎಲ್ಲದಕ್ಕೂ ನಿಜಾಮ ಕೊಡ್ತಾನ’ ಎಂದು ಇಂಗ್ಲಿಷ್ ಅಧಿಕಾರಿಗಳು ಮೋಜಿಗೆ ಅನ್ನುತ್ತಿದ್ದರಂತೆ. ನಿಜಾಮ ಎಲ್ಲಿ ಕೊಟ್ಟ ಸ್ವಾಮಿ? ಕೊಟ್ಟವನು ನೇಗಿಲು ಹಿಡಿದವನು, ಅವನ ಹೊಲದಲ್ಲಿ ಜೀತಕ್ಕಿದ್ದವನು.

ಸುರಪುರಕ್ಕೂ ಈ ಕತೆಗೂ ಇನ್ನೊಂದು ಗಂಟು ಇದೆ. ಟೇಲರ್ ಮಂಜಿಲ್ ಎಂದು ಗುಡ್ಡದ ಮೇಲೆ ನಾವು ತೋರಿಸುವ ಬಂಗಲೆಯ ಮೆಡೋಸ್ ಟೇಲರ್ 1841ರಿಂದ 1853ರ ತನಕ ಇಲ್ಲಿ ಆಡಳಿತ ನೋಡಿಕೊಂಡವನು. ಅವನು ಬಂದದ್ದು ಅದೇ ನಿಜಾಮನ ಸೈನ್ಯದ ನೌಕರಿಯಿಂದ. ಅವನ ಹೆಂಡತಿ ಮೇರಿ, ಅದೇ ವಿಲಿಯಂ ಪಾಮರನ ಮಗಳು. ಟೇಲರ್ ಕೆಟ್ಟವನಾಗಿರಲಿಲ್ಲ. ಮಂದಿ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಆದ್ದರಿಂದಲೇ ಅವನ ಹೆಸರು ಎತ್ತಿದೆ. ಒಳ್ಳೆಯವರು, ಕೆಟ್ಟವರು ಎಂದು ಮನುಷ್ಯರನ್ನು ಎರಡು ಸಾಲು ಮಾಡಿ ನಿಲ್ಲಿಸಿದರೆ ಈ ವ್ಯವಸ್ಥೆ ಅರ್ಥವಾಗುವುದಿಲ್ಲ. ಸಾಲ ಕೊಡುವ ಕಂಪನಿ, ಸಾಲ ಮಾಡಿಸುವ ಸೈನ್ಯ, ಸಾಲಕ್ಕೆ ರುಜು ಹಾಕುವ ದಿವಾನ, ಈ ಮೂವರ ನಡುವೆ ಒಬ್ಬ ಒಳ್ಳೆಯವನು ಕೂತು ಕೆರೆ ಕಟ್ಟಿಸಿದರೂ ಲೆಕ್ಕದ ಕೊನೆಯ ಸಾಲು ಬದಲಾಗುವುದಿಲ್ಲ. 1858ರಲ್ಲಿ, ಟೇಲರ್ ಕೈಯಲ್ಲಿ ಬೆಳೆದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರಿಗೆ ತಿರುಗಿಬಿದ್ದಾಗ, ರೈತರ ಬೆವರಿನಿಂದ ಸಂಬಳ ತಿಂದ ಆ ಕಂಟಿಂಜೆಂಟಿನ ತುಕಡಿ ಸುರಪುರದ ಮೇಲೆಯೇ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಸೆರೆಯಲ್ಲಿದ್ದ ರಾಜ ಗುಂಡಿಗೆ ಸತ್ತ. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ನಮ್ಮ ರೊಕ್ಕ, ನಮ್ಮ ಮೇಲೆಯೇ ತೋಪು.

ಇಂಗ್ಲಿಷರು ಹೋದರು, ನಿಜಾಮ ಹೋದ. ಮೂವರ ಆ ಕೂಟ ಹೋಯಿತೇ? ಕಂಪನಿಗಳು ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ಇಂದಿರಾ ಗಾಂಧಿಯ ಸರ್ಕಾರ ನಿಷೇಧಿಸಿತು. ನಿಷೇಧವಾದ ಮೇಲೆ ದೇಣಿಗೆ ನಿಲ್ಲಲಿಲ್ಲ, ಬ್ಯಾಗಿನೊಳಗೆ ಹೋಯಿತು. 1985ರಲ್ಲಿ ಮಗನ ಸರ್ಕಾರ ಬಾಗಿಲು ಮತ್ತೆ ತೆರೆಯಿತು. ಮರುವರ್ಷ, 1986ರ ಮಾರ್ಚಿಯಲ್ಲಿ, ಸ್ವೀಡನ್ನಿನ ಬೋಫೋರ್ಸ್ ಕಂಪನಿಯಿಂದ 410 ತೋಪುಗಳ ಖರೀದಿ, 1,437 ಕೋಟಿ ರೂಪಾಯಿಗೆ. ದಲಾಲಿ ಹೋಗಿದೆ ಎಂದು 1987ರ ಏಪ್ರಿಲಿನಲ್ಲಿ ಸ್ವೀಡಿಷ್ ರೇಡಿಯೋ ಹೇಳಿತು. ಅದರ ಮೇಲೆ ಒಂದು ಸರ್ಕಾರ ಬಿತ್ತು, ಇನ್ನೊಂದು ಎದ್ದಿತು. 2004 ಮತ್ತು 2005ರಲ್ಲಿ ದಿಲ್ಲಿ ಹೈಕೋರ್ಟು ಆರೋಪಗಳನ್ನು ತಳ್ಳಿಹಾಕಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಆ ತೋಪು ಚೆನ್ನಾಗಿ ಕೆಲಸ ಮಾಡಿತು, ಇದೂ ನಿಜ. ‘ತೋಪು ಚಲೋ ಅದ ಅಲ್ರೀ, ಮತ್ಯಾಕ ಆ ಮಾತು?’ ಎಂದು ವಾದಿಸುವವರಿಗೆ ನಾನು ಕೇಳುವುದು ಇಷ್ಟೇ: ಮುದುಕಿಯ ಓಟೂ ಚಲೋ ಓಟೇ ಅಲ್ಲವೇ, ಮತ್ತೆ ಅವಳ ಐನೂರರ ಮಾತು ಯಾಕೆ?

ಇಲ್ಲಿ ಒಬ್ಬ ಮನುಷ್ಯನ ವಿಷಯ ಹೇಳದೆ ಮುಂದೆ ಹೋಗಲಾರೆ. 2001ರ ಮಾರ್ಚಿಯಲ್ಲಿ ತೆಹಲ್ಕಾ ಪತ್ರಕರ್ತರು ಆಯುಧ ಮಾರುವವರ ವೇಷದಲ್ಲಿ ಹೋಗಿ ಕ್ಯಾಮರಾ ಅಡಗಿಸಿ ತೆಗೆದ ಚಿತ್ರ ಹೊರಗೆ ಬಂತು. ಅದರಲ್ಲಿ ಬಿಜೆಪಿಯ ಅಧ್ಯಕ್ಷ ಬಂಗಾರು ಲಕ್ಷ್ಮಣ ಒಂದು ಲಕ್ಷ ರೂಪಾಯಿ ತಗೊಂಡು ಮೇಜಿನ ಡ್ರಾವರಿಗೆ ಹಾಕಿದರು. ಹೈದರಾಬಾದಿನವರು, ದಲಿತರು, ಆ ಪಕ್ಷಕ್ಕೆ ಅಧ್ಯಕ್ಷರಾದ ಮೊದಲ ದಲಿತರು. 2012ರಲ್ಲಿ ಅವರಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ದಲಿತ ಎಂದು ಅವರ ತಪ್ಪನ್ನು ತೊಳೆಯುವ ಕೆಲಸ ನನ್ನದಲ್ಲ. ಇರದ ಆಯುಧಕ್ಕೆ ಇರದ ಕಂಪನಿಯಿಂದ ರೊಕ್ಕ ತಗೊಂಡರು, ಶಿಕ್ಷೆ ಆಯಿತು, ಸರಿ. ಆದರೆ ಇರುವ ಆಯುಧಕ್ಕೆ ಇರುವ ಕಂಪನಿಯಿಂದ ಬಂದ ರೊಕ್ಕದ ಕೇಸುಗಳು ಎಲ್ಲಿ ಹೋಗಿ ತಲುಪಿದವು ಎಂದು ನೋಡಿದಾಗ ನನ್ನ ಕವಿತೆಯ ಕೈ ನಡುಗುತ್ತದೆ. ಕ್ಯಾಮರಾದ ಮುಂದೆ ನೋಟು ಎಣಿಸುವುದು ಗೊತ್ತಿಲ್ಲದವರ ಕಸುಬು. ಗೊತ್ತಿದ್ದವರು ನೋಟು ಮುಟ್ಟುವುದೇ ಇಲ್ಲ. ಅಸ್ಪೃಶ್ಯತೆಯನ್ನು ಅವರು ಅಲ್ಲಿಯೂ ಪಾಲಿಸುತ್ತಾರೆ! ಆಗ ರಾಜೀನಾಮೆ ಕೊಟ್ಟ ರಕ್ಷಣಾ ಮಂತ್ರಿ ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನವರು, 1974ರ ರೈಲ್ವೆ ಮುಷ್ಕರದ ನಾಯಕರು. ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೆ ಅದೇ ಕುರ್ಚಿಗೆ ಬಂದರು.

ಎರಡು ಪಕ್ಷ ಇದ್ದರೆ ಒಂದು ಕಳ್ಳತನ ಮಾಡಿದಾಗ ಇನ್ನೊಂದು ಕೂಗುತ್ತದೆ, ಹಾಗಾಗಿ ಕಳ್ಳತನ ಕಡಿಮೆಯಾಗುತ್ತದೆ ಎಂಬುದು ಪ್ರಜಾಪ್ರಭುತ್ವದ ಪಠ್ಯಪುಸ್ತಕದ ನಂಬಿಕೆ. ಅಮೆರಿಕದಲ್ಲಿ ಎರಡೇ ದೊಡ್ಡ ಪಕ್ಷ. ಅಲ್ಲಿ ಆಯುಧದ ಕಾರ್ಖಾನೆಗಳೂ ಸೈನ್ಯವೂ ಕೈಕೈ ಹಿಡಿದಿವೆ, ಎಚ್ಚರ ಎಂದು 1961ರ ಜನವರಿಯಲ್ಲಿ ಹೇಳಿ ಹೋದವನು ಅಧ್ಯಕ್ಷ ಐಸೆನ್‌ಹೋವರ್, ತಾನೇ ಒಬ್ಬ ಸೇನಾಪತಿ. ಇವತ್ತು ಅಲ್ಲಿನ ಎಫ್-35 ವಿಮಾನದ ಬಿಡಿಭಾಗಗಳನ್ನು ನಲವತ್ತೈದಕ್ಕೂ ಹೆಚ್ಚು ರಾಜ್ಯಗಳಲ್ಲಿ ಮಾಡುತ್ತಾರೆ. ಯಾವ ಪಕ್ಷದ ಯಾವ ಸದಸ್ಯ ಅದಕ್ಕೆ ಬೇಡ ಅನ್ನುತ್ತಾನೆ? ಅವನವನ ಊರಿನ ಅನ್ನ ಅದರೊಳಗೆ ಬೆರೆಸಿಟ್ಟಿದ್ದಾರೆ. ನಮ್ಮಲ್ಲಿ ಅಷ್ಟು ಜಾಣತನವೂ ಬೇಕಾಗಿಲ್ಲ. ಒಂದು ಫೈನಾನ್ಸ್ ಬಿಲ್ ಸಾಕು.

ಲಂಡನ್ನಿನ ವೇದಾಂತ ಕಂಪನಿಗೆ ಸೇರಿದ ಸ್ಟರ್ಲೈಟ್, ಸೇಸಾ ಗೋವಾಗಳು (ಸೇಸಾ ನಮ್ಮ ಚಿತ್ರದುರ್ಗದಲ್ಲಿ ಕಬ್ಬಿಣದ ಅದಿರು ಅಗೆಯುತ್ತಿದ್ದ ಕಂಪನಿ) ಕಾಂಗ್ರೆಸ್ಸಿಗೂ ದೇಣಿಗೆ ಕೊಟ್ಟಿದ್ದವು, ಬಿಜೆಪಿಗೂ ಕೊಟ್ಟಿದ್ದವು. ವಿದೇಶಿ ದೇಣಿಗೆಯನ್ನು ಪಕ್ಷಗಳು ಮುಟ್ಟಬಾರದು ಎಂದು 1976ರ ಕಾನೂನು. 2014ರ ಮಾರ್ಚ್ 28ರಂದು ದಿಲ್ಲಿ ಹೈಕೋರ್ಟು ಎರಡೂ ಪಕ್ಷಗಳು ಕಾನೂನು ಮುರಿದಿವೆ, ಆರು ತಿಂಗಳಲ್ಲಿ ಕ್ರಮ ತಗೊಳ್ಳಿ ಎಂದಿತು. ಆಮೇಲೆ ಏನಾಯಿತು ಕೇಳಿ. 2016ರ ಫೈನಾನ್ಸ್ ಕಾಯ್ದೆಯಲ್ಲಿ ‘ವಿದೇಶಿ’ ಎಂಬ ಪದದ ಅರ್ಥವನ್ನೇ ಬದಲಾಯಿಸಿದರು, 2010ರಿಂದ ಪೂರ್ವಾನ್ವಯವಾಗಿ. ಅದು ಸಾಲಲಿಲ್ಲ, ಹಳೆಯ ದೇಣಿಗೆ ಅದರೊಳಗೆ ಬರುತ್ತಿರಲಿಲ್ಲ. 2018ರ ಫೈನಾನ್ಸ್ ಕಾಯ್ದೆಯಲ್ಲಿ ಮತ್ತೆ ತಿದ್ದಿ 1976ರ ಆಗಸ್ಟ್ 5ರ ತನಕ ಹಿಂದಕ್ಕೆ ಎಳೆದರು. ನಲವತ್ತೆರಡು ವರ್ಷದ ತಪ್ಪು ಒಂದು ಮಧ್ಯಾಹ್ನ ತಪ್ಪಲ್ಲವಾಯಿತು. ಆ ವರ್ಷದ ಮಾರ್ಚಿಯಲ್ಲಿ ಲೋಕಸಭೆ ಆ ಬಿಲ್ಲನ್ನು ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸು ಮಾಡಿತು. ಗದ್ದಲ ಬೇರೆ ಬೇರೆ ವಿಷಯಕ್ಕೆ. ಈ ವಿಷಯಕ್ಕೆ ಮೌನ.

ಗೆಳೆಯರೇ, ಮಂದಿರಕ್ಕೆ ಮಸೀದಿಗೆ ನಮ್ಮನ್ನು ಬೀದಿಗೆ ಇಳಿಸಿ ಬಡಿದಾಡಿಸುವ ಪಕ್ಷಗಳು ತಮ್ಮತಮ್ಮಲ್ಲಿ ಎಲ್ಲಿ ಒಂದಾಗುತ್ತವೆ ಎಂಬುದನ್ನು ಈ ಒಂದು ತಿದ್ದುಪಡಿ ಹೇಳುತ್ತದೆ. ಒಂದು ಪಕ್ಷ ಆಳುತ್ತಿತ್ತು, ಅದಕ್ಕೆ ಲಾಭ. ಇನ್ನೊಂದು ವಿರೋಧಿಸಬೇಕಾಗಿತ್ತು, ಅದಕ್ಕೂ ಲಾಭ. ನಮ್ಮ ಮುತ್ಯಾ ಸತ್ತ ಮೇಲೆಯೂ ಅವನ ಸಾಲ ನಮ್ಮಪ್ಪನ ತಲೆಯ ಮೇಲೆ ಬಂತು; ಅದನ್ನು ಪೂರ್ವಾನ್ವಯವಾಗಿ ಅಳಿಸುವ ಕಾಯ್ದೆ ಯಾರೂ ತರಲಿಲ್ಲ.

ಮುತ್ಯಾನ ಸಾಲದ ಮಾತು ಬಂತು. ಅವನು ಹೆಬ್ಬೆಟ್ಟು ಒತ್ತಿದ್ದು ಒಂದು ಕಾಗದದ ಮೇಲೆ. ಅದರಲ್ಲಿ ಏನು ಬರೆದಿತ್ತು ಎಂದು ಅವನಿಗೆ ಕೊನೆಯ ತನಕ ತಿಳಿಯಲಿಲ್ಲ. ಪಟವಾರಿಯ ದಫ್ತರ ಉರ್ದುವಿನಲ್ಲಿ, ಸಾಹುಕಾರನ ಖಾತೆ ಮೋಡಿಯಲ್ಲಿ. ವೇದ ಮಾತ್ರವಲ್ಲ, ಲೆಕ್ಕದ ಪುಸ್ತಕವೂ ಶೂದ್ರಾತಿಶೂದ್ರರಿಗೆ ನಿಷಿದ್ಧವಾಗಿತ್ತು. ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವನು ನಾನು. ಈಗ ಖಾತೆ ಓದಲು ಬರುತ್ತದೆ. ಈಗ ಏನಾಗಿದೆ ಎಂದರೆ, ಖಾತೆಯನ್ನೇ ಲಕೋಟೆಯಲ್ಲಿ ಹಾಕಿ ಅರಗು ಒತ್ತಿದ್ದಾರೆ.

ಚುನಾವಣಾ ಬಾಂಡು ಅಂಥ ಒಂದು ಲಕೋಟೆ. 2017ರಲ್ಲಿ, ಮತ್ತೆ ಒಂದು ಫೈನಾನ್ಸ್ ಬಿಲ್ಲಿನೊಳಗೆ ಅಡಗಿಸಿ ತಂದರು. ಲಾಭದಲ್ಲಿ ಶೇಕಡ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡುವಂತಿಲ್ಲ ಎಂಬ ಮಿತಿಯನ್ನೂ ಅದರಲ್ಲೇ ಕಿತ್ತರು. ನಷ್ಟದಲ್ಲಿರುವ ಕಂಪನಿಯೂ ಕೊಡಬಹುದಾಯಿತು. ಬಾಂಡಿನ ಮೇಲೆ ಬರಿಗಣ್ಣಿಗೆ ಕಾಣದ ನಂಬರು, ನೇರಳಾತೀತ ಬೆಳಕು ಹಿಡಿದರೆ ಮಾತ್ರ ಕಾಣುವಂಥದು. ಯಾರು ಯಾರಿಗೆ ಕೊಟ್ಟರು ಎಂಬುದು ಬ್ಯಾಂಕಿಗೆ ಗೊತ್ತಿರಬಹುದು, ಕೊಟ್ಟವನಿಗೂ ತಗೊಂಡವನಿಗೂ ಗೊತ್ತಿರಬಹುದು, ಓಟು ಹಾಕುವವಳಿಗೆ ಗೊತ್ತಾಗಬಾರದು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಎಂದು ರದ್ದು ಮಾಡಿತು. ಪಟ್ಟಿ ಹೊರಬಿತ್ತು. 2019ರ ಏಪ್ರಿಲಿನಿಂದ ನಗದಾದ ಬಾಂಡುಗಳಲ್ಲಿ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲಕ್ಕೆ ಸುಮಾರು 1,609 ಕೋಟಿ, ಕಾಂಗ್ರೆಸ್ಸಿಗೆ ಸುಮಾರು 1,421 ಕೋಟಿ, ನಮ್ಮ ನೆರೆಯ ತೆಲಂಗಾಣದ ಬಿಆರ್‌ಎಸ್‌ಗೆ ಸುಮಾರು 1,214 ಕೋಟಿ. ಹೈದರಾಬಾದಿನ ಮೇಘಾ ಇಂಜಿನಿಯರಿಂಗ್ ಒಂದೇ 966 ಕೋಟಿಯ ಬಾಂಡು ಕೊಂಡಿತ್ತು. ಬಿಜೆಪಿಗೂ ಕೊಟ್ಟಿತು, ಬಿಆರ್‌ಎಸ್‌ಗೂ ಕೊಟ್ಟಿತು, ಇನ್ನೂ ಕೆಲವು ಪಕ್ಷಗಳಿಗೂ ಕೊಟ್ಟಿತು. ಪಾಮರ್ ಕಂಪನಿಗೆ ಒಬ್ಬನೇ ದಿವಾನನಿದ್ದ. ಈಗಿನ ಸಾಹುಕಾರ ನಾಳೆ ದಿವಾನನಾಗಬಹುದಾದವನಿಗೂ ಇವತ್ತೇ ಕೊಟ್ಟಿಡುತ್ತಾನೆ. ಹೆಚ್ಚು ಕಡಿಮೆ ಇದೆ, ಒಬ್ಬನದು ದೊಡ್ಡ ಪಾಲು, ಇನ್ನೊಬ್ಬನದು ಸಣ್ಣದು. ಈ ವ್ಯತ್ಯಾಸ ಸಣ್ಣ ವಿಷಯವಲ್ಲ. ಆದರೆ ಸಣ್ಣ ಪಾಲಿನವನೂ ಪಂಕ್ತಿಯಲ್ಲೇ ಕೂತಿದ್ದ, ಹೊರಗೆ ನಿಂತಿರಲಿಲ್ಲ. ಬಾಂಡನ್ನೇ ಮುಟ್ಟದೆ ಕೋರ್ಟಿಗೆ ಹೋದ ಸಿಪಿಎಂನಂಥವರು ಇದ್ದಾರೆ, ಅದನ್ನು ಹೇಳಬೇಕು.

ಇನ್ನೊಂದು ಲಕೋಟೆ ವಿಮಾನದ್ದು. ಫ್ರಾನ್ಸಿನ ರಫೇಲ್ 126 ಕೊಳ್ಳುವುದು, ಅದರಲ್ಲಿ 108ನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡುವುದು ಎಂದು ಮೊದಲಿನ ಮಾತು ಇತ್ತು. ಮನಮೋಹನ ಸಿಂಗ್ ಸರ್ಕಾರ 2012ರಿಂದ ಚೌಕಾಸಿ ಮಾಡಿ ಮುಗಿಸದೆ ಹೋಯಿತು. 2015ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನಲ್ಲಿ ಪ್ರಧಾನಿ ಮೋದಿ, ಸಿದ್ಧವಾದ 36 ವಿಮಾನ ಕೊಳ್ಳುತ್ತೇವೆ ಎಂದರು. 2016ರ ಸೆಪ್ಟೆಂಬರಿನಲ್ಲಿ ಸುಮಾರು 787 ಕೋಟಿ ಯೂರೋಗೆ ಕರಾರು ಆಯಿತು. ಎಚ್‌ಎಎಲ್‌ನಲ್ಲಿ ಮಾಡುವ ಮಾತು ಬಿದ್ದುಹೋಯಿತು. ವಿಮಾನ ಮಾಡಿ ಗೊತ್ತಿರದ ಅನಿಲ್ ಅಂಬಾನಿಯ ರಿಲಯನ್ಸ್ ಫ್ರಾನ್ಸಿನ ಕಂಪನಿಗೆ ಪಾಲುದಾರನಾಯಿತು. ಬೆಲೆಯ ವಿವರವನ್ನು ಸರ್ಕಾರ ಸುಪ್ರೀಂ ಕೋರ್ಟಿಗೆ ಮುಚ್ಚಿದ ಲಕೋಟೆಯಲ್ಲಿ ಕೊಟ್ಟಿತು. 2018ರ ಡಿಸೆಂಬರಿನಲ್ಲಿ ಕೋರ್ಟು ತನಿಖೆಗೆ ಕಾರಣವಿಲ್ಲ ಎಂದಿತು, 2019ರ ನವೆಂಬರಿನಲ್ಲಿ ಮರುಪರಿಶೀಲನೆಯ ಅರ್ಜಿಗಳನ್ನೂ ವಜಾ ಮಾಡಿತು. ಅದನ್ನು ಮುಚ್ಚಿಟ್ಟು ನಾನು ಬರೆಯುವುದಿಲ್ಲ. ಕೋರ್ಟಿನ ಮುಂದೆ ಬಾರದ ನಮ್ಮ ಪ್ರಶ್ನೆ ಬೇರೆ ಇದೆ. ಎಚ್‌ಎಎಲ್ ಸಾರ್ವಜನಿಕ ಉದ್ದಿಮೆ. ಅಲ್ಲಿ ಮೀಸಲಾತಿ ಇದೆ. ಅಲ್ಲಿನ ಕಾರ್ಖಾನೆಯಲ್ಲಿ ಒಂದು ಹೊಸ ವಿಮಾನದ ಸಾಲು ಶುರುವಾದರೆ ಐಟಿಐ ಮುಗಿಸಿದ ಸುರಪುರದ ಹುಡುಗ ಫಿಟ್ಟರ್ ಆಗಿ ಒಳಗೆ ಹೋಗಲು ಒಂದು ಬಾಗಿಲು ಇರುತ್ತಿತ್ತು. ಖಾಸಗಿ ಪಾಲುದಾರನ ಮನೆಯಲ್ಲಿ ಮೀಸಲಾತಿಯ ಬಾಗಿಲೇ ಇಲ್ಲ. ಮುದುಕಿಯ ತೆರಿಗೆ ಹೋಯಿತು, ಅವಳ ಮೊಮ್ಮಗನ ನೌಕರಿ ಅದರ ಹಿಂದೆ ಹೋಯಿತು. ಆ ಹುಡುಗ ಈಗ ಬೆಂಗಳೂರಿನಲ್ಲಿ ತಗಡಿನ ಶೆಡ್ಡಿನೊಳಗೆ ಮಲಗಿ ಹದಿನೆಂಟು ಅಂತಸ್ತಿನ ಕಟ್ಟಡಕ್ಕೆ ಸೆಂಟ್ರಿಂಗ್ ಕಟ್ಟುತ್ತಾನೆ. ಅವನ ತಲೆಯ ಮೇಲೆ ಯುದ್ಧವಿಮಾನಗಳು ಏರೋ ಶೋಗೆ ತಾಲೀಮು ಮಾಡುತ್ತವೆ.

ಇವನ್ನೆಲ್ಲ ಹೋಲಿಸಿದರೆ 2010ರ ಹೆಲಿಕಾಪ್ಟರ್ ವ್ಯವಹಾರ ಸಣ್ಣದು. ಗಣ್ಯರನ್ನು ಹೊತ್ತು ತಿರುಗಲೆಂದೇ ಹನ್ನೆರಡು ಹೆಲಿಕಾಪ್ಟರು, ಮೂರೂವರೆ ಸಾವಿರ ಕೋಟಿ ರೂಪಾಯಿಗೆ. ಲಂಚದ ಆರೋಪ ಬಂದು 2014ರಲ್ಲಿ ರದ್ದಾಯಿತು. ಗಣ್ಯರ ಅಂಡನ್ನು ನೆಲದಿಂದ ಎತ್ತಿ ಹಿಡಿಯುವುದನ್ನೂ ದೇಶರಕ್ಷಣೆಯ ಲೆಕ್ಕಕ್ಕೇ ಬರೆದಿದ್ದರು ಎಂಬುದಕ್ಕೆ ಮಾತ್ರ ಅದನ್ನು ನೆನೆಯುತ್ತೇನೆ.

ಉಳಿತಾಯ ಮಾಡಬೇಕು ಎಂದು ದಿಲ್ಲಿಗೆ ಯಾವಾಗಲೂ ನೆನಪಾಗುವುದಿಲ್ಲ ಎಂದಲ್ಲ. 2022ರ ಜೂನ್ 14ರಂದು ನೆನಪಾಯಿತು. ಅಗ್ನಿಪಥ ಎಂದು ಹೆಸರಿಟ್ಟರು. ಸಿಪಾಯಿಗೆ ನಾಲ್ಕು ವರ್ಷ ನೌಕರಿ, ನೂರರಲ್ಲಿ ಇಪ್ಪತ್ತೈದು ಮಂದಿಗಷ್ಟೇ ಮುಂದೆ ಕಾಯಂ, ಉಳಿದವರಿಗೆ ಪಿಂಚಣಿ ಇಲ್ಲ, ಒಂದು ಇಡುಗಂಟು ಕೊಟ್ಟು ಮನೆಗೆ. ಪಿಂಚಣಿಯ ಭಾರ ಹೆಚ್ಚಾಯಿತು ಎಂದು ಪತ್ರಿಕೆಗಳಲ್ಲಿ ಪಂಡಿತರು ಬರೆದರು. ಅಲ್ರೀ, ವಿಮಾನದ ಭಾರ ಹೆಚ್ಚಾಗಲಿಲ್ಲ, ದಲಾಲಿಯ ಭಾರ ಹೆಚ್ಚಾಗಲಿಲ್ಲ, ಸಿಪಾಯಿಯ ಮುಪ್ಪಿನ ಭಾರ ಮಾತ್ರ ಹೆಚ್ಚಾಯಿತೇ? ಔರಂಗಜೇಬನ ಸಿಪಾಯಿಗೂ ಸಂಬಳ ಬಾಕಿ ಇತ್ತು. ಬೆಳಗಿನ ಜಾವ ಶಹಾಪುರದ ಬುದ್ಧ ಮಲಗಿದ ಗುಡ್ಡದ ಕೆಳಗಿನ ರಸ್ತೆಯಲ್ಲಿ ಭರ್ತಿಗಾಗಿ ಓಡುವ ಹುಡುಗರನ್ನು ನೋಡುತ್ತೇನೆ. ಅವರಲ್ಲಿ ಬೇಡರ ಹುಡುಗರಿದ್ದಾರೆ, ಕುರುಬರ, ಮಾದಿಗರ, ಹೊಲೆಯರ ಹುಡುಗರಿದ್ದಾರೆ. ಆಯುಧ ಕಂಪನಿಯ ನಿರ್ದೇಶಕನ ಮಗ ಅವರ ಜೊತೆ ಓಡುವುದಿಲ್ಲ. ದೇಶಕ್ಕಾಗಿ ಸಾಯಲು ಸಿದ್ಧನಾದವನಿಗೆ ನಾಲ್ಕು ವರ್ಷದ ಗುತ್ತಿಗೆ. ದೇಶಕ್ಕೆ ಮಾಲು ಮಾರುವವನ ಗುತ್ತಿಗೆಗೆ ಮಾತ್ರ ಬಿಡಿಭಾಗ, ದುರಸ್ತಿ ಎಂದು ನಲವತ್ತು ವರ್ಷದ ಬಾಳಿಕೆ.

ಮುದುಕಿಯ ಐನೂರಕ್ಕೆ ನಾನು ಸಮರ್ಥನೆ ಬರೆಯುತ್ತಿದ್ದೇನೆ ಎಂದು ಓದಿದವರು ಮೂಗು ಮುರಿಯಬಹುದು. ತಗೊಳ್ಳಬಾರದು ಎಂದೇ ನಾನು ಕೇರಿಯಲ್ಲಿ ಹೇಳುತ್ತೇನೆ, ಹೇಳಿ ಬೈಸಿಕೊಳ್ಳುತ್ತೇನೆ. ಆದರೆ ಅವಳ ಕೈಯಲ್ಲಿರುವ ಆ ನೋಟು ಮಾರಾಟದ ಮೊದಲ ಕಂತು ಅಲ್ಲ, ಎಲ್ಲ ಮಾರಾಟ ಮುಗಿದ ಮೇಲೆ ಉಳಿದ ಪುಡಿ. ಅವಳು ಮತಗಟ್ಟೆಗೆ ಹೋಗುವ ಮೊದಲೇ ಗುಂಡಿಯ ಮುಂದಿನ ಹೆಸರುಗಳ ಹಿಂದೆ ಯಾರ ರೊಕ್ಕ ಇದೆ ಎಂಬುದು ತೀರ್ಮಾನವಾಗಿರುತ್ತದೆ. ಗೊತ್ತಿದ್ದು ಮಾರಿದರೆ ಅದು ಮಾರಾಟ. ಏನು ಮಾರುತ್ತಿದ್ದೇನೆ, ಬೆಲೆ ಎಷ್ಟು, ಕೊಳ್ಳುವವನು ಯಾರು ಎಂಬ ಮೂರನ್ನೂ ಮುಚ್ಚಿಟ್ಟು ಕೈಗೆ ಐನೂರು ತುರುಕಿದರೆ ಅದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ. ಮುತ್ಯಾನ ಹೆಬ್ಬೆಟ್ಟಿಗೆ ಆದದ್ದೂ ಅದೇ.

ಲಕೋಟೆ ಒಡೆಯುವ ಪ್ರಯತ್ನ ಆಗಲಿಲ್ಲವೇ? ಆಗಿದೆ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಸಾರ್ವಜನಿಕ ಸಂಸ್ಥೆಗಳೇ, ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಿದ್ದಕ್ಕೆ ಉತ್ತರ ಕೊಡಬೇಕು ಎಂದಿತು. ಆರು ಅಂದರೆ ಕಾಂಗ್ರೆಸ್, ಬಿಜೆಪಿ, ಸಿಪಿಐ, ಸಿಪಿಎಂ, ಎನ್‌ಸಿಪಿ, ಬಿಎಸ್‌ಪಿ. ಬಾಂಡು ಮುಟ್ಟದವರ ಹೆಸರೂ ಈ ಸಾಲಿನಲ್ಲಿದೆ, ನೀಲಿ ಬಾವುಟ ಹಿಡಿದ ನಮ್ಮವರ ಹೆಸರೂ ಇದೆ. 2015ರ ಮಾರ್ಚಿಯಲ್ಲಿ ಅದೇ ಆಯೋಗ, ಆರರಲ್ಲಿ ಒಂದೂ ಆದೇಶ ಪಾಲಿಸಿಲ್ಲ, ಪಾಲಿಸುವಂತೆ ಮಾಡುವ ಶಕ್ತಿ ನಮಗಿಲ್ಲ ಎಂದು ಬರೆದು ಕಡತ ಮುಚ್ಚಿತು. ಈ ಸಲ ನೀಲಿ ಬಾವುಟದವರು ನಮ್ಮ ಕೇರಿಗೆ ಓಟು ಕೇಳಲು ಬಂದಾಗ ಅವರಿಗೇ ಮೊದಲು ಈ ಆದೇಶದ ಪ್ರತಿ ಕೊಡುವುದೆಂದು ನಾವು ನಾಲ್ಕು ಹುಡುಗರು ಮಾತಾಡಿಕೊಂಡಿದ್ದೇವೆ. ಶಹಾಪುರದಲ್ಲಿ ಜೆರಾಕ್ಸ್ ಒಂದಕ್ಕೆ ಎರಡು ರೂಪಾಯಿ.